ಸೆಟ್ಟು ಮೊದಲೊ, ಸಿಮ್ಮು ಮೊದಲೊ?

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲೋ ದುರ್ಗದಬೈಲಿನ ಆಸುಪಾಸಿನಲ್ಲೋ ಇರುವ ಒಂದು ಮೊಬೈಲ್ ಅಂಗಡಿಗೆ ಗೋಪನಕೊಪ್ಪದ ಹಿರಿಯರೊಬ್ಬರು ತಮ್ಮ ಮೊದಲ ಸ್ಮಾರ್ಟ್‌ಫೋನ್ ಕೊಳ್ಳಲು ಬಂದರೆನ್ನಿ. ಎಷ್ಟು ರೂಪಾಯಿಯ ಫೋನ್ ಬೇಕು ಎಂಬುದು ನಂತರದ ಮಾತು. ಅನುಭವಸ್ಥ ಅಂಗಡಿಯವ ಮೊದಲು ಕೇಳುವುದು ಇನ್ನೊಂದನ್ನು: 'ಕಾಕಾರ, ನಿಮ್ದು ಸಿಮ್ ಯಾವ್ದ್ ಐತ್ರಿ?'

ಪ್ರಶ್ನೆ ಸಣ್ಣದು. ಆದರೆ ಅದರ ಬೆನ್ನಿಗೆ ಮೂವತ್ತು ವರ್ಷಗಳ ಚರಿತ್ರೆಯೇ ಇದೆ. ಫೋನ್ ಬೇರೆ, ಅದಕ್ಕೆ ದನಿ ಕೊಡುವ ಕಂಪನಿ ಬೇರೆ ಎಂಬುದು ಇಂದಿನವರಿಗೆ ಸಹಜವಾಗಿ ತೋರುತ್ತದೆ. ಯಾವ ಫೋನಿಗೂ ಯಾವ ಸಿಮ್ಮನ್ನೂ ಹಾಕಬಹುದು ಎಂಬ ಭಾವನೆಯೂ ಸಾಮಾನ್ಯ. ವಾಸ್ತವದಲ್ಲಿ ಇವೆರಡರ ನಂಟು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ, ಮತ್ತೆ ಬಿಗಿಯಾಗುತ್ತ ಬಂದಿದೆ. ಜೋಡಿ ತಪ್ಪಿದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ. ಸೆಟ್ಟೂ ಒಳ್ಳೆಯದೇ, ಸಿಮ್ಮೂ ಒಳ್ಳೆಯದೇ, ಎರಡೂ ಕೂಡಿ ಮಾತ್ರ ಕೆಲಸ ಮಾಡುವುದಿಲ್ಲ. ಮನೆಯ ಉಳಿತಾಯವನ್ನೆಲ್ಲ ಒಂದೇ ಫೋನಿಗೆ ಹಾಕುವ ಕುಟುಂಬಕ್ಕೆ ಇದು ಸಣ್ಣ ನಷ್ಟವಲ್ಲ.

ಆಯ್ಕೆಯೇ ಇಲ್ಲದ ದಿನಗಳು

ಮೊದಲಿಗೆ ಇಂಥ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ತಂತಿಯೂ ಸರ್ಕಾರದ್ದು, ನಂಬರೂ ಸರ್ಕಾರದ್ದು, ಮೇಜಿನ ಮೇಲೆ ಕೂರುವ ಭಾರವಾದ ಕಪ್ಪು ಯಂತ್ರವೂ ದೂರವಾಣಿ ಇಲಾಖೆಯದ್ದೇ. ಅದನ್ನು ತಯಾರಿಸುತ್ತಿದ್ದದ್ದು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಫೋನ್ ಮನೆಗೆ ಬಂದ ದಿನ ಓಣಿಯವರೆಲ್ಲ ನೋಡಲು ಬರುತ್ತಿದ್ದ ಕಾಲವದು.

ಕೇಶ್ವಾಪುರ, ಬೆಂಗೇರಿಗಳಾಚೆಗಿನ ಗೋಪನಕೊಪ್ಪ ಈಗ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ. ಊರ ಹೆಸರಿನ ಕೊನೆಯಲ್ಲಿರುವ 'ಕೊಪ್ಪ' ಮಾತ್ರ ಅದರ ಹಳ್ಳಿಯ ಮೂಲವನ್ನು ಇನ್ನೂ ಹೇಳುತ್ತದೆ. ಇಂಥ ಕೊಪ್ಪಗಳಿಗೆ, ಹಾಳಗಳಿಗೆ ದೂರವಾಣಿ ತಲುಪಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಮೊದಲು ಕಂಡದ್ದು ಧಾರವಾಡಕ್ಕೆ ಹತ್ತಿರದಲ್ಲೇ ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ಸ್ಯಾಮ್ ಪಿತ್ರೋಡಾ ಅವರ ಪ್ರಯತ್ನದಿಂದ 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಸಣ್ಣ ಊರುಗಳಿಗೆಂದೇ 128 ಸಂಪರ್ಕಗಳ ಎಕ್ಸ್‌ಚೇಂಜ್ ಒಂದನ್ನು ರೂಪಿಸಿತು. ಅದರಲ್ಲಿ ಮೊದಲನೆಯದು 1986ರ ಜುಲೈಯಲ್ಲಿ ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರಿನಲ್ಲೇ! ವಿದೇಶಿ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಕಿತ್ತೂರಿನದು ಧೂಳು, ಸೆಕೆಗಳನ್ನು ತಡೆದುಕೊಂಡು ನಡೆಯುವಂಥದು. ಹಳದಿ ಫಲಕದ ಎಸ್‌ಟಿಡಿ ಬೂತುಗಳು ಹಳ್ಳಿಹಳ್ಳಿಗೂ ಹಬ್ಬಿದ್ದು ಇಂಥ ಯಂತ್ರಗಳ ಬಲದಿಂದ. ರಾತ್ರಿಯ ಕಡಿಮೆ ದರಕ್ಕಾಗಿ ಕಾದು, ಬೂತಿನ ಹೊರಗೆ ಸರದಿ ನಿಂತು, ಬೆಂಗಳೂರಿನ ಮಗನೊಡನೆ ಮೂರು ನಿಮಿಷ ಮಾತಾಡಿ ಬರುವುದು ಆಗಿನ ರೂಢಿ. ಅವನು ಇತ್ತ ಮಾತಾಡಬೇಕಾದರೆ 0836 ಒತ್ತಬೇಕಿತ್ತು.

ಚಿಕ್ಕ ಚೀಟಿಯ ದೊಡ್ಡ ಮಹಿಮೆ

1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಸರ್ಕಾರ ದೇಶವನ್ನು 'ಸರ್ಕಲ್' ಎಂಬ ವಲಯಗಳಾಗಿ ವಿಂಗಡಿಸಿ, ಆರಂಭದಲ್ಲಿ ಒಂದೊಂದು ವಲಯಕ್ಕೆ ಇಬ್ಬರು ಖಾಸಗಿಯವರಿಗೆ ಪರವಾನಗಿ ಕೊಟ್ಟಿತು. ಕರ್ನಾಟಕ ಇಡಿಯಾಗಿ ಒಂದು ವಲಯ. ಇಲ್ಲಿ ಬಂದವರು ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್. ಮೊದಲನೆಯದನ್ನು 1999ರಲ್ಲಿ ಭಾರ್ತಿ ಸಂಸ್ಥೆ ಕೊಂಡದ್ದರಿಂದ ಅದು ಏರ್‌ಟೆಲ್ ಆಯಿತು. 9845ರಿಂದ ಶುರುವಾಗುವ ನಂಬರುಗಳು ಅವರವು, 9844 ಸ್ಪೈಸಿನವು. 2002ರಲ್ಲಿ ಬಿ.ಎಸ್.ಎನ್.ಎಲ್. ಮೊಬೈಲ್ ಸೇವೆ ಆರಂಭಿಸಿದಾಗ ಅದರ ಪಾಲಿಗೆ 9448 ಬಂತು. ಹಚ್ ಕಂಪನಿಯದು 9886. ನಂಬರಿನ ಮೊದಲ ನಾಲ್ಕು ಅಂಕಿ ನೋಡಿಯೇ ಅದು ಯಾವ ಕಂಪನಿಯದೆಂದು ಹೇಳಬಲ್ಲವರು ಹುಬ್ಬಳ್ಳಿಯ ಪೇಟೆಯಲ್ಲಿ ಇನ್ನೂ ಇದ್ದಾರೆ. ಹಳೆಯ ವ್ಯಾಪಾರಿಗಳ ವಿಸಿಟಿಂಗ್ ಕಾರ್ಡುಗಳಲ್ಲಿ 9448 ಮತ್ತು 9845ಗಳಿಗೆ ಒಂದು ಬಗೆಯ ಗತ್ತು ಉಂಟು.

ಆರಂಭದಲ್ಲಿ ಮೊಬೈಲು ಶ್ರೀಮಂತರ ಸ್ವತ್ತಾಗಿತ್ತು. ನಿಮಿಷಕ್ಕೆ ಎಂಟು ರೂಪಾಯಿಗೂ ಮಿಕ್ಕಿದ ದರ. ಸಾಲದ್ದಕ್ಕೆ ಬೇರೆಯವರು ಮಾಡಿದ ಕರೆ ತೆಗೆದುಕೊಂಡರೂ ಹಣ ಕೊಡಬೇಕು. 1999ರ ಹೊಸ ದೂರಸಂಪರ್ಕ ನೀತಿ ಕಂಪನಿಗಳ ಭಾರೀ ಪರವಾನಗಿ ಶುಲ್ಕವನ್ನು ಆದಾಯದ ಪಾಲಾಗಿ ಬದಲಿಸಿತು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ದರ ಇಳಿಯತೊಡಗಿದ್ದು ಆಗ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಭಾರತ ಮೊದಲು ಆರಿಸಿಕೊಂಡದ್ದು ಯೂರೋಪಿನಲ್ಲಿ ರೂಪುಗೊಂಡ ಜಿ.ಎಸ್.ಎಂ. ಪದ್ಧತಿಯನ್ನು. 1991ರಲ್ಲಿ ಫಿನ್ಲೆಂಡಿನಲ್ಲಿ ಇದರ ವಾಣಿಜ್ಯ ಸೇವೆ ಶುರುವಾಯಿತು. ಇದರಲ್ಲಿ ಗ್ರಾಹಕನ ಗುರುತು ಫೋನಿನೊಳಗೆ ಇರುವುದಿಲ್ಲ, ಸಿಮ್ ಎಂಬ ಸಣ್ಣ ಚೀಟಿಯಲ್ಲಿರುತ್ತದೆ. ಚೀಟಿ ತೆಗೆದು ಬೇರೆ ಫೋನಿಗೆ ಹಾಕಿದರೆ ನಂಬರು ಅಲ್ಲಿಗೆ ಹೋಯಿತು. ಹೀಗಾಗಿ ಫೋನನ್ನು ಎಲ್ಲಿಂದಲಾದರೂ ಕೊಳ್ಳಬಹುದು, ಸಿಮ್ಮನ್ನು ಯಾರಿಂದಲಾದರೂ ಪಡೆಯಬಹುದು. ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಸೆಟ್ಟುಗಳ ವ್ಯಾಪಾರ, ರಿಪೇರಿಯ ಸಣ್ಣಸಣ್ಣ ಗೂಡುಗಳು, ದುಬೈಯಿಂದ ಬಂದವರು ತಂದ ಫೋನ್‌ಗಳ ಮಾರಾಟ ಇವೆಲ್ಲ ಬೆಳೆದದ್ದು ಈ ಚೀಟಿಯ ಕೃಪೆಯಿಂದ ಎನ್ನಬಹುದು.

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದು ಬಂದದ್ದು ರಿಲಯನ್ಸ್ ಇನ್ಫೋಕಾಮ್. 2002ರ ಡಿಸೆಂಬರ್ 28ರಂದು, ಧೀರೂಭಾಯಿ ಅಂಬಾನಿಯವರ ಜನ್ಮದಿನದಂದು, ಅದು ಸಿ.ಡಿ.ಎಂ.ಎ. ಎಂಬ ಪದ್ಧತಿಯಲ್ಲಿ ಸೇವೆ ಘೋಷಿಸಿತು. ಮರುವರ್ಷದ ಮಳೆಗಾಲದಲ್ಲಿ 501 ರೂಪಾಯಿ ಕೊಟ್ಟರೆ ಫೋನ್ ಕೈಗೆ, ಉಳಿದದ್ದು ಕಂತಿನಲ್ಲಿ ಎಂಬ ಯೋಜನೆ ತಂದಿತು. ಕೂಲಿಕಾರರು, ಆಟೋದವರು, ಕಾಯಿಪಲ್ಲೆ ಮಾರುವವರು ಮೊಬೈಲ್ ಹಿಡಿದದ್ದು ಇಂಥ ಯೋಜನೆಗಳಿಂದಲೇ. ಆದರೆ ಆ ಫೋನುಗಳಲ್ಲಿ ಸಿಮ್ ಇರಲಿಲ್ಲ. ನಂಬರನ್ನು ಯಂತ್ರದೊಳಗೇ ಬರೆದಿರುತ್ತಿದ್ದರು. ಕಂಪನಿ ಬಿಡಬೇಕೆಂದರೆ ಫೋನನ್ನೂ ಬಿಡಬೇಕು. ಕಂತು ಕಟ್ಟದೆ ಬಿಟ್ಟವರೂ ಬಹಳ ಮಂದಿ. ಆ ಬಾಕಿ ಕಂಪನಿಗೆ ದೊಡ್ಡ ತಲೆನೋವಾಯಿತು. ಆದರೂ ಅಗ್ಗದ ಸೆಟ್ಟಿನಲ್ಲಿ 'ಆರ್ ವರ್ಲ್ಡ್' ಎಂಬ ಕಿಂಡಿಯ ಮೂಲಕ ಸುದ್ದಿ, ಕ್ರಿಕೆಟ್ ಸ್ಕೋರು ಮುಂತಾದವನ್ನು ತೋರಿಸಿದ ಕೀರ್ತಿ ಅದಕ್ಕೆ ಸಲ್ಲಬೇಕು. ಅನೇಕರು ಇಂಟರ್‌ನೆಟ್ಟಿನ ಮುಖವನ್ನು ಮೊದಲು ಕಂಡದ್ದು ಅಲ್ಲಿಯೇ.

ಆ ಸೆಟ್ಟುಗಳ ಗತಿ ಏನಾಯಿತು? ಅಣ್ಣತಮ್ಮಂದಿರ ಪಾಲಿನ ನಂತರ ಕಂಪನಿ ಅನಿಲ್ ಅಂಬಾನಿಯವರಿಗೆ ಹೋಯಿತು, ಸಾಲದಲ್ಲಿ ಸೊರಗಿತು, 2017ರ ಡಿಸೆಂಬರಿನಲ್ಲಿ ಕರೆಸೇವೆಯನ್ನೇ ನಿಲ್ಲಿಸಿತು. ಅದಕ್ಕೂ ಮೊದಲೇ ಸಿ.ಡಿ.ಎಂ.ಎ. ಫೋನುಗಳು ಮಕ್ಕಳ ಆಟಿಕೆಯಾಗಿದ್ದವು. ವಿಚಿತ್ರವೆಂದರೆ, ಅವು ಬಳಸುತ್ತಿದ್ದ 850 ಮೆಗಾಹರ್ಟ್ಸ್ ತರಂಗಗಳು 2016ರ ಒಪ್ಪಂದದ ಮೂಲಕ ಅಣ್ಣ ಮುಕೇಶ್ ಅಂಬಾನಿಯವರ ಜಿಯೋಗೆ ದಕ್ಕಿದವು.

ಸ್ಮಾರ್ಟ್‌ಫೋನ್ ಬಂದ ಬಗೆ

ಕಂಪನಿಯೇ ಸ್ಮಾರ್ಟ್‌ಫೋನ್ ಮಾರುವ ಅಮೆರಿಕದ ರೀತಿ ಭಾರತದಲ್ಲಿ ಎದ್ದು ಕಂಡದ್ದು 2008ರ ಆಗಸ್ಟ್ 22ರಂದು. ಅಂದು ಏರ್‌ಟೆಲ್ ಮತ್ತು ವೊಡಾಫೋನ್ ಐಫೋನ್ 3ಜಿ ಮಾರಾಟ ಆರಂಭಿಸಿದವು. ಬೆಲೆ 31,000 ರೂಪಾಯಿ, ಹೆಚ್ಚು ಸಂಗ್ರಹದ್ದಕ್ಕೆ 36,100. ಅದೇ ಫೋನ್ ಅಮೆರಿಕದಲ್ಲಿ 199 ಡಾಲರಿಗೆ ಸಿಗುತ್ತಿತ್ತು. ಅಲ್ಲಿ ಎ.ಟಿ. ಅಂಡ್ ಟಿ. ಕಂಪನಿ ಎರಡು ವರ್ಷದ ಕರಾರು ಬರೆಸಿಕೊಂಡು, ಫೋನಿನ ಉಳಿದ ಬೆಲೆಯನ್ನು ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡುತ್ತಿತ್ತು. ಇಲ್ಲಿ ಪೂರ್ತಿ ಬೆಲೆಯನ್ನೂ ಕೊಡಬೇಕು, ಮೇಲೆ ಫೋನ್ ಅದೇ ಕಂಪನಿಯ ಸಿಮ್ಮಿಗೆ ಬೀಗ ಹಾಕಿದ್ದು ಬೇರೆ. ದಂಡವನ್ನೂ ಕಟ್ಟಿ ಸೆರೆಯನ್ನೂ ಅನುಭವಿಸಿದ ಹಾಗೆ. ಇನ್ನೊಂದು ತಮಾಷೆಯೆಂದರೆ ಫೋನಿನ ಹೆಸರಿನಲ್ಲೇ 3ಜಿ ಇತ್ತು, ಮಾರಿದ ಕಂಪನಿಗಳ ಬಳಿ ಇನ್ನೂ 3ಜಿ ಇರಲಿಲ್ಲ.

ಅಮೆರಿಕದ ಕರಾರು ಪದ್ಧತಿ ಇಲ್ಲಿ ಬೇರೂರಲಿಲ್ಲ. ಕಾರಣ ಸ್ಪಷ್ಟ. ನಮ್ಮಲ್ಲಿ ಬಹುಪಾಲು ಗ್ರಾಹಕರು ಪ್ರೀಪೇಯ್ಡ್‌ನವರು, ಮುಂಗಡ ಹಾಕಿಸಿಕೊಂಡು ಮಾತಾಡುವವರು. ಅವರಿಗೆ ತಿಂಗಳ ಬಿಲ್ಲೇ ಇಲ್ಲ, ಇನ್ನು ಬಿಲ್ಲಿನಲ್ಲಿ ಕಂತು ಸೇರಿಸುವುದೆಲ್ಲಿ? 501 ರೂಪಾಯಿ ಯೋಜನೆಯ ಬಾಕಿಯ ಪಾಠವೂ ಕಂಪನಿಗಳ ಕಣ್ಣೆದುರೇ ಇತ್ತು.

ಆಗ ಜನಸಾಮಾನ್ಯರ ಕೈಗೆ ಬಂದದ್ದು ಯಾರ ಬೀಗವೂ ಇಲ್ಲದ, ಎರಡೆರಡು ಸಿಮ್ ಹಾಕಬಹುದಾದ ಅಗ್ಗದ ಫೋನುಗಳು. ಮೈಕ್ರೋಮ್ಯಾಕ್ಸ್ ಈ ಪೇಟೆಯಲ್ಲಿ ಮೆರೆಯಿತು. ಕಾರ್ಬನ್ ಎಂಬ ಹೆಸರಿನಲ್ಲಿ ಬೆಂಗಳೂರಿನ ಯು.ಟಿ.ಎಲ್. ಸಮೂಹವೂ ಪಾಲುದಾರನಾಯಿತು. ಎರಡು ಸಿಮ್ಮಿನ ಬೇಡಿಕೆ ಹುಟ್ಟಿದ್ದು ಬರೀ ಚಪಲದಿಂದಲ್ಲ. ಹುಬ್ಬಳ್ಳಿಯ ವ್ಯಾಪಾರದ ನಂಟು ಕೊಲ್ಹಾಪುರ, ಸಾಂಗಲಿ, ಗೋವೆಗಳವರೆಗೆ ಚಾಚಿದೆ. ನಿಪ್ಪಾಣಿ ದಾಟಿದರೆ ಮಹಾರಾಷ್ಟ್ರ ವಲಯ, ಗೋವೆಯೂ ಅದೇ ವಲಯಕ್ಕೆ ಸೇರಿದ್ದು. ಗಡಿ ದಾಟಿದೊಡನೆ ರೋಮಿಂಗ್ ದರ ಬೀಳುತ್ತಿತ್ತು. ಅತ್ತ ಕಾಸರಗೋಡಿನ ಕನ್ನಡಿಗರಿಗೂ ಇದೇ ಪಾಡು. ಅವರ ನಂಟು ಮಂಗಳೂರಿಗೆ, ನಂಬರು ಕೇರಳ ವಲಯದ್ದು. ಭಾಷಾವಾರು ಪ್ರಾಂತ್ಯಗಳ ಗೆರೆ ಫೋನಿನ ಬಿಲ್ಲಿನಲ್ಲೂ ಕಾಣುತ್ತಿದ್ದ ಕಾಲವೆಂದು ಇದನ್ನು ನೆನೆಯಬೇಕು. ರೋಮಿಂಗ್ ದರ ಪೂರ್ತಿ ಮಾಯವಾದದ್ದು 2016-17ರಲ್ಲಿ.

ಸ್ಮಾರ್ಟ್‌ಫೋನಿಗೆ ವೇಗದ ಇಂಟರ್‌ನೆಟ್ ಬೇಕು. 2010ರ 3ಜಿ ಹರಾಜಿನಲ್ಲಿ ಕರ್ನಾಟಕ ವಲಯದ ತರಂಗಗಳನ್ನು ಗೆದ್ದವರು ಏರ್‌ಟೆಲ್, ಟಾಟಾ ಮತ್ತು ಏರ್‌ಸೆಲ್. ಒಬ್ಬೊಬ್ಬರೂ ಕೊಟ್ಟ ಬೆಲೆ ಸುಮಾರು 1,580 ಕೋಟಿ ರೂಪಾಯಿ. ಬಿ.ಎಸ್.ಎನ್.ಎಲ್.ಗೆ ಹರಾಜಿಗೆ ಮೊದಲೇ ಪಾಲು ಸಿಕ್ಕಿತ್ತು. ಹಚ್‌ನಿಂದ ವೊಡಾಫೋನ್ ಆಗಿದ್ದ ಕಂಪನಿಗೂ, ಸ್ಪೈಸನ್ನು ನುಂಗಿದ್ದ ಐಡಿಯಾಗೂ ಇಲ್ಲಿ ಆ ಹರಾಜಿನಲ್ಲಿ ಏನೂ ದಕ್ಕಲಿಲ್ಲ. ಅಂದರೆ ಹಳೆಯ 9886 ಅಥವಾ 9844 ನಂಬರಿನವರು ಎಷ್ಟೇ ದುಬಾರಿ 3ಜಿ ಫೋನ್ ಕೊಂಡರೂ ಅವರ ಕಂಪನಿ ಇನ್ನೊಬ್ಬರ ಜಾಲವನ್ನು ಎರವಲು ಪಡೆದೇ ಸೇವೆ ಕೊಡಬೇಕಿತ್ತು. ಆ ಎರವಲಿಗೂ ದೂರಸಂಪರ್ಕ ಇಲಾಖೆ ತಕರಾರು ತೆಗೆದು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಸೆಟ್ಟಿಗಿಂತ ಸಿಮ್ ಮುಖ್ಯ ಎಂಬ ಮಾತು ಮೊದಲ ಬಾರಿಗೆ ನಿಜವಾದದ್ದು ಆಗಲೇ.

ಅದೇ ಹೊತ್ತಿಗೆ ಗ್ರಾಹಕನ ಕೈಗೂ ಒಂದು ಅಸ್ತ್ರ ಬಂತು. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ. 1900ಕ್ಕೆ ಒಂದು ಸಂದೇಶ ಕಳಿಸಿದರೆ ಕೋಡ್ ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಟ್ಟರಾಯಿತು. ಮೊದಲ ನಾಲ್ಕು ಅಂಕಿ ನೋಡಿ ಕಂಪನಿ ಹೇಳುವ ಹುಬ್ಬಳ್ಳಿಯವರ ವಿದ್ಯೆಗೆ ಇದರಿಂದ ಸ್ವಲ್ಪ ಧಕ್ಕೆಯಾಯಿತು.

ಇನ್ನು ಕನ್ನಡದ ಮಾತು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಅಕ್ಷರಗಳ ಬದಲು ಚೌಕಾಕಾರದ ಖಾಲಿ ಡಬ್ಬಿಗಳು ಕಾಣುತ್ತಿದ್ದವು. ಸಂಬಂಧಿಕರು ಕನ್ನಡದಲ್ಲಿ ಕಳಿಸಿದ ಹಬ್ಬದ ಶುಭಾಶಯ ಡಬ್ಬಿಗಳ ಸಾಲಾಗಿ ಬಂದು ಕೂರುವುದು. ಕೆಲವು ತಯಾರಕರು ಕನ್ನಡ ಲಿಪಿ ಸೇರಿಸಿದರು, ಕೆಲವರು ಸೇರಿಸಲಿಲ್ಲ. ಆದ್ದರಿಂದ ಕೊಳ್ಳುವ ಮೊದಲು 'ಕನ್ನಡ ಕಾಣತೈತೇನ್ರಿ?' ಎಂದು ಕೇಳಲೇಬೇಕಿತ್ತು. 2014ರ ಆಂಡ್ರಾಯ್ಡ್ ಲಾಲಿಪಾಪ್ ಆವೃತ್ತಿಯಲ್ಲಿ ಫೋನಿನ ಇಡೀ ವ್ಯವಸ್ಥೆಯೇ ಕನ್ನಡದಲ್ಲಿ ಸಿಗುವಂತಾದ ಮೇಲೆ ಈ ಪ್ರಶ್ನೆ ಹಿಂದೆ ಸರಿಯಿತು.

ಮತ್ತೆ ಬಿಗಿದ ಗಂಟು

2016ರ ಸೆಪ್ಟೆಂಬರ್ 5ರಂದು ಜಿಯೋ ತನ್ನ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ಡಿಸೆಂಬರ್ ತನಕ ಎಲ್ಲವೂ ಉಚಿತ ಎಂದಿದ್ದು ಮಾರ್ಚ್ 2017ರವರೆಗೆ ಮುಂದುವರಿಯಿತು. ಒಂದು ಜಿ.ಬಿ. ಇಂಟರ್‌ನೆಟ್ಟಿಗೆ ಇನ್ನೂರು ಇನ್ನೂರೈವತ್ತು ಕೊಡುತ್ತಿದ್ದವರಿಗೆ ಇದು ನಂಬಲಾಗದ ಮಾತು. ಸಿಮ್ಮಿಗಾಗಿ ಆಧಾರ್ ಕಾರ್ಡ್ ಹಿಡಿದು ಜನ ಸಾಲುಗಟ್ಟಿದರು. ತೊಡಕು ಕಂಡದ್ದು ಮನೆಗೆ ಹೋಗಿ ಸಿಮ್ ಹಾಕಿದಾಗ.

ಜಿಯೋ ಬಳಿ ಇದ್ದದ್ದು 4ಜಿ ಮಾತ್ರ. ಹಳೆಯ 2ಜಿ, 3ಜಿ ಜಾಲಗಳಲ್ಲಿ ಮಾತಿಗೆಂದೇ ಒಂದು ದಾರಿ ಇರುತ್ತದೆ. 4ಜಿಯಲ್ಲಿ ಅದಿಲ್ಲ. ಅಲ್ಲಿ ಮಾತನ್ನೂ ಚೂರುಚೂರು ಮಾಡಿ ಇಂಟರ್‌ನೆಟ್ಟಿನ ಮಾಹಿತಿಯಂತೆಯೇ ಕಳಿಸಬೇಕು. ಇದೇ ವೋಲ್ಟಿ. ಆ ವಿದ್ಯೆಯನ್ನು ಫೋನೂ ಕಲಿತಿರಬೇಕು. ಬೇರೆ ಕಂಪನಿಗಳ 4ಜಿಯಲ್ಲಿ ಕರೆ ಬಂದಾಗ ಫೋನ್ ತಾನಾಗಿ 2ಜಿ ಅಥವಾ 3ಜಿಗೆ ಇಳಿದು ಮಾತಾಡಿಸುತ್ತಿತ್ತು, ಆದ್ದರಿಂದ ವೋಲ್ಟಿ ಇಲ್ಲದಿದ್ದರೂ ನಡೆಯುತ್ತಿತ್ತು. ಜಿಯೋದಲ್ಲಿ ಇಳಿಯಲು ಮೆಟ್ಟಿಲೇ ಇರಲಿಲ್ಲ. ವರ್ಷದ ಹಿಂದಷ್ಟೇ ಕೊಂಡ 4ಜಿ ಫೋನಿನಲ್ಲೂ ಇಂಟರ್‌ನೆಟ್ ಬರುತ್ತದೆ, ನೇರವಾಗಿ ಕರೆ ಹೋಗುವುದಿಲ್ಲ. ಅದಕ್ಕೆಂದು ಬೇರೆಯೇ ಒಂದು ಆ್ಯಪ್ ಹಾಕಿಕೊಳ್ಳಬೇಕಾಯಿತು. ಕಂಪನಿ ಇದನ್ನು ಅರಿತೇ ಆರಂಭದಲ್ಲಿ 'ಲೈಫ್' ಎಂಬ ಹೆಸರಿನ ತನ್ನದೇ ಫೋನುಗಳ ಜೊತೆ ಸಿಮ್ ಕೊಟ್ಟಿತ್ತು. ಮೊದಲ ಸ್ಮಾರ್ಟ್‌ಫೋನ್ ಆರಿಸುವವರಿಗೆ ಕಂಪನಿಯೇ ಫೋನನ್ನು ನಿರ್ಧರಿಸುವ ಕಾಲ ಹೀಗೆ ಮರಳಿತು.

ಮರುವರ್ಷ ಜಿಯೋಫೋನ್ ಬಂತು. 1,500 ರೂಪಾಯಿ ಠೇವಣಿ, ಮೂರು ವರ್ಷದ ನಂತರ ಷರತ್ತುಗಳ ಮೇಲೆ ವಾಪಸು. ಗುಂಡಿಗಳಿದ್ದ ಈ ಫೋನನ್ನು ಸ್ಮಾರ್ಟ್‌ಫೋನ್ ಎಂದು ಕಂಪನಿ ಕರೆಯಿತು. ಹಾಗೆನ್ನಬಹುದೇ ಎಂಬುದು ಚರ್ಚೆಯ ವಿಷಯ. ವಾಟ್ಸ್‌ಆ್ಯಪ್ ಅದರಲ್ಲಿ ಬಂದದ್ದೇ 2018ರ ಸೆಪ್ಟೆಂಬರಿನಲ್ಲಿ. ಜಿಯೋ ಸಿಮ್ ಬಿಟ್ಟು ಬೇರೆ ಯಾವುದೂ ಅದರಲ್ಲಿ ನಡೆಯದು. ಹದಿನಾಲ್ಕು ವರ್ಷದ ಹಿಂದಿನ 501 ರೂಪಾಯಿ ಫೋನಿನ ವಂಶವೇ ಇದು ಎಂದರೆ ತಪ್ಪಲ್ಲ. ವ್ಯತ್ಯಾಸವೆಂದರೆ ಈ ಸಲ ಕಂತಿನ ಬದಲು ಠೇವಣಿ, ಹಣ ಮೊದಲೇ ಕಂಪನಿಯ ಕೈಗೆ.

ಫೋನ್ ಸೋಗಿನ ವಸ್ತುವಾಗಿ ಉಳಿಯದೆ ಅಗತ್ಯವಾದದ್ದು 2020ರಲ್ಲಿ. ಕೋವಿಡ್ಡಿನಿಂದ ಶಾಲೆ ಮುಚ್ಚಿದಾಗ ರಾಜ್ಯ ಸರ್ಕಾರ ವಿದ್ಯಾಗಮ ಯೋಜನೆ ತಂದು ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿತು: ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಬರೀ ಸಾದಾ ಫೋನ್ ಇರುವವರು, ಏನೂ ಇಲ್ಲದವರು. ಜಾತಿ, ವರಮಾನಗಳ ಪಟ್ಟಿಗೆ ಫೋನಿನ ಪಟ್ಟಿಯೂ ಸೇರಿದಂತಾಯಿತು. ಅನೇಕ ಮನೆಗಳಲ್ಲಿ ಮೊದಲ ಸ್ಮಾರ್ಟ್‌ಫೋನ್ ಕೊಂಡದ್ದು ತಂದೆಗಲ್ಲ, ಓದುವ ಮಗಳಿಗೆ. ಅದು ಮನೆಯೊಳಗೆ ಹಿಡಿಯುತ್ತದೆಯೇ, ಮಾಳಿಗೆ ಹತ್ತಿದರೆ ಮಾತ್ರ ಹಿಡಿಯುತ್ತದೆಯೇ ಎಂಬುದು ಪಾಠ ಕೇಳುವ, ಕೇಳದಿರುವ ಪ್ರಶ್ನೆಯಾಗಿತ್ತು. 1,800 ಅಥವಾ 2,300 ಮೆಗಾಹರ್ಟ್ಸ್‌ನ ಎತ್ತರದ ತರಂಗಗಳು ಹೆಚ್ಚು ಮಾಹಿತಿ ಹೊತ್ತರೂ ದಪ್ಪ ಗೋಡೆ ದಾಟುವಾಗ ಬೇಗ ಸೊರಗುತ್ತವೆ. 850ರಂಥ ಕೆಳಗಿನ ತರಂಗಗಳು ಒಳಗೆ ನುಗ್ಗುತ್ತವೆ. ಕೊಳ್ಳುವ ಫೋನ್ ಯಾವ ತರಂಗಗಳನ್ನು ಹಿಡಿಯಬಲ್ಲದು ಎಂಬುದನ್ನು ಪೆಟ್ಟಿಗೆಯ ಮೇಲೆ ಅತಿ ಸಣ್ಣ ಅಕ್ಷರದಲ್ಲಿ 'ಬ್ಯಾಂಡ್' ಎಂದು ಅಚ್ಚು ಹಾಕಿರುತ್ತಾರೆ. ಕ್ಯಾಮೆರಾದ ಅಂಕಿ ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ.

2022ರ ಅಕ್ಟೋಬರ್ 1ರಂದು 5ಜಿ ಉದ್ಘಾಟನೆಯಾದಾಗಲೂ ಇದೇ ಕಥೆ ಮುಂದುವರಿಯಿತು. ಏರ್‌ಟೆಲ್ ತನ್ನ 4ಜಿ ಜಾಲದ ಹೆಗಲ ಮೇಲೆ 5ಜಿ ಕೂರಿಸಿತು. ಜಿಯೋ ಅದನ್ನು ಸ್ವತಂತ್ರ ಜಾಲವಾಗಿಯೇ ಕಟ್ಟಿತು. ಹೀಗಾಗಿ ಆರಂಭದ ಕೆಲವು 5ಜಿ ಫೋನುಗಳು ಒಂದರಲ್ಲಿ ಓಡಿ ಇನ್ನೊಂದರಲ್ಲಿ ಓಡದೆ, ತಯಾರಕರು ಹೊಸ ಸಾಫ್ಟ್‌ವೇರ್ ಕಳಿಸುವವರೆಗೆ ಕಾಯಬೇಕಾಯಿತು.

2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ಒಟ್ಟೊಟ್ಟಿಗೆ ದರ ಏರಿಸಿದಾಗ ಲಕ್ಷಾಂತರ ಜನ ಬಿ.ಎಸ್.ಎನ್.ಎಲ್. ಕಡೆ ಹೊರಳಿದರು. ಅದರ 4ಜಿ ಬಹಳ ತಡವಾಗಿ ಬಂದದ್ದು. ದೇಶದಾದ್ಯಂತ ಅದರ ಅಧಿಕೃತ ಉದ್ಘಾಟನೆ ನಡೆದದ್ದು 2025ರ ಸೆಪ್ಟೆಂಬರ್ 27ರಂದು. ಟಿ.ಸಿ.ಎಸ್. ನೇತೃತ್ವದಲ್ಲಿ, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ತಯಾರಿಸಿದ ಗೋಪುರದ ಉಪಕರಣಗಳಿಂದ ಕಟ್ಟಿದ ಈ ಸ್ವದೇಶಿ ಜಾಲದ ಹೃದಯಭಾಗವನ್ನು ರೂಪಿಸಿದ್ದು ಸಿ-ಡಾಟ್, ಕಿತ್ತೂರಿನ ಎಕ್ಸ್‌ಚೇಂಜ್ ಮಾಡಿದ ಅದೇ ಸಂಸ್ಥೆ. 9448ರ ಹಳೆಯ ಗ್ರಾಹಕರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆದರೆ ಫೋನ್ ಕೊಳ್ಳುವ ಮುನ್ನ ಒಂದು ಸಂಗತಿ ಗಮನಿಸಬೇಕು. ಈ ಜಾಲ ಮುಖ್ಯವಾಗಿ ನಡೆಯುವುದು 700 ಮತ್ತು 2,100 ಮೆಗಾಹರ್ಟ್ಸ್‌ಗಳಲ್ಲಿ. ಮನೆಯೊಳಗೆ ಚೆನ್ನಾಗಿ ಹಿಡಿಯುವ 700ಕ್ಕೆ ಬೇಕಾದ 28ನೇ ಬ್ಯಾಂಡ್ ಎಷ್ಟೋ ಹಳೆಯ ಫೋನುಗಳಲ್ಲಿ, ಸೆಕೆಂಡ್‌ಹ್ಯಾಂಡ್ ಸೆಟ್ಟುಗಳಲ್ಲಿ ಇಲ್ಲ. ಕರೆಗೆ ವೋಲ್ಟಿ ಇದೆಯೇ ಎಂಬುದನ್ನೂ ಅಂಗಡಿಯಲ್ಲೇ ತಮ್ಮ ಸಿಮ್ ಹಾಕಿಸಿ, ಒಂದು ಕರೆ ಮಾಡಿ ನೋಡುವುದು ಒಳಿತು. ಗೋಪನಕೊಪ್ಪದ ಹಿರಿಯರು ಹಳೆಯ ಸಾದಾ ಫೋನಿನಿಂದ ಸಿಮ್ ತೆಗೆದು ಜೇಬಿನಲ್ಲಿಟ್ಟುಕೊಂಡೇ ಕೊಪ್ಪಿಕರ ರಸ್ತೆಗೆ ಹೋಗಬೇಕು. ಆ ಸಿಮ್ ದೊಡ್ಡ ಗಾತ್ರದ ಹಳೆಯ ಚೀಟಿಯಾಗಿದ್ದರೆ, ಈಗಿನ ಫೋನಿಗೆ ಕೂರುವ ನ್ಯಾನೊ ಸಿಮ್ಮಿಗೆ ಕಂಪನಿಯ ಕಚೇರಿಯಲ್ಲಿ ಮೊದಲೇ ಬದಲಿಸಿಕೊಂಡು, ಆಧಾರಿಗೂ ಬ್ಯಾಂಕಿಗೂ ಅದೇ ನಂಬರು ಜೋಡಣೆಯಾಗಿರುವುದನ್ನು ಖಚಿತಪಡಿಸಿಕೊಂಡು ಹೊರಟರೆ ಇನ್ನೊಂದು ಓಡಾಟ ತಪ್ಪುತ್ತದೆ.